ಜೋಗಿಯ ಹೆಗಲೇರಿದ ಕಿನ್ನರಿ

ಪ್ರಶ್ನೆ: ಹೊಯ್ಸಳರ ಕಾಲದಲ್ಲಿ ನಮ್ಮ ಹೊಸೂರು, ಕೃಷ್ಣಗಿರಿ ಸೀಮೆಯಲ್ಲಿ ಊರೂರು ಅಲೆದು ಹಾಡುತ್ತಿದ್ದವರ ಕೈಯಲ್ಲಿ ಯಾವ ವಾದ್ಯ ಇದ್ದಿರಬಹುದು? ಈಗ ಏನಾದರೂ ಉಳಿದಿದೆಯೇ?
– ಓದುಗರು, ಡೆಂಕಣಿಕೋಟೆ

ಉತ್ತರ: ನಿಮ್ಮ ಜಿಲ್ಲೆಯ ಕುಂದಾಣಿ 13ನೇ ಶತಮಾನದ ಕೊನೆಯಲ್ಲಿ ಹೊಯ್ಸಳ ರಾಮನಾಥನ ರಾಜಧಾನಿ. ಹಿಂದಿನ ರಾಜಧಾನಿ ಕಣ್ಣನೂರು ಕೈತಪ್ಪಿದ ಮೇಲೆ ಅವನು ನೆಲೆ ನಿಂತದ್ದು ಅಲ್ಲಿ. ಅರಮನೆ, ದೇಗುಲ ಇದ್ದಲ್ಲಿ ಕಲಾವಿದರಿಗೆ ಅನ್ನ ಉಂಟು. ಆದರೆ ನೀವು ಕೇಳಿದ್ದು ಮಾನ್ಯದ ಭೂಮಿ ಉಂಡವರನ್ನಲ್ಲ, ಅಲೆದವರನ್ನು. ಶಾಸನಗಳು ದತ್ತಿ ಪಡೆದವರನ್ನು ನೆನೆದಷ್ಟು ಜೋಳಿಗೆಯವರನ್ನು ನೆನೆಯಲಿಲ್ಲ. ಹಾಗಾಗಿ ವಾದ್ಯದ ಜಾಡು ಹಿಡಿದೇ ಅವರನ್ನು ಹುಡುಕಬೇಕು.

ಕನ್ನಡ ಸೀಮೆಯಲ್ಲಿ ಆ ಜಾಡು ಚೆನ್ನಾಗಿ ಸಿಗುವುದು ಕಿನ್ನರಿಯಲ್ಲಿ. 12ನೇ ಶತಮಾನದ ಶರಣ ಕಿನ್ನರಿ ಬ್ರಹ್ಮಯ್ಯನ ಹೆಸರಿನಲ್ಲೇ ಅದಿದೆ. ಮುಂದಿನ ಶತಮಾನದಲ್ಲಿ ದೇವಗಿರಿಯ ಸೇವುಣರ ಆಸ್ಥಾನದ ಶಾರ್ಙ್ಗದೇವ ‘ಸಂಗೀತ ರತ್ನಾಕರ’ದಲ್ಲಿ ಅದನ್ನು ಮಾಡುವ ಬಗೆಯನ್ನೂ ಬರೆದಿಟ್ಟ: ಒಂದು ದಂಡಿ, ಕೆಳಗೆ ಸೋರೆಬುರುಡೆ, ಮೇಲೆ ರಣಹದ್ದಿನ ಎಲುಬಿನ ಮೆಟ್ಟಿಲು, ಅಂಟಿಸಲು ಸುಟ್ಟ ಬಟ್ಟೆಯ ಬೂದಿ ಕಲಸಿದ ಮೇಣ. ದುಡ್ಡು ಕೊಟ್ಟು ತರಬೇಕಾದದ್ದು ತಂತಿ ಮಾತ್ರ! ಬುರುಡೆ ಒಡೆದರೆ ಮುಂದಿನ ಊರಿನ ಬೇಲಿಯಲ್ಲಿ ಇನ್ನೊಂದು ಸಿಕ್ಕೀತು. ಅರಸರ ಆಸ್ಥಾನದ ಗ್ರಂಥ ಸೇರಿದ ವಾದ್ಯ ಅಲೆಮಾರಿಯ ಹೆಗಲ ಮೇಲೂ ಬಾಳಿದ್ದಕ್ಕೆ ಇದೇ ಕಾರಣ ಎಂದು ನನ್ನ ಎಣಿಕೆ. ಮೇಣದ ಉಪಾಯವಂತೂ ಇನ್ನೂ ಹಳತಾಗಿಲ್ಲ. ಇವತ್ತಿನ ಸರಸ್ವತಿ ವೀಣೆಯ 24 ಮೆಟ್ಟಿಲು ಕೂತಿರುವುದೂ ಮೇಣದ ಮೇಲೆಯೇ.

ಈಗ ಉಳಿದದ್ದರ ಮಾತಿಗೆ ಬಂದರೆ, ನಾಗಮಂಗಲದ ಕಡೆಯ ಕಿನ್ನರಿ ಜೋಗಿಗಳು ಅರ್ಜುನ ಜೋಗಿಯ ಕಥೆ ಹಾಡಿಕೊಂಡು ಬಂದವರು. ತೆಲಂಗಾಣದಲ್ಲಿ ಇದೇ ಜಾತಿಯ 12 ಮೆಟ್ಟಿಲ ಕಿನ್ನೆರ ನುಡಿಸುವ ದರ್ಶನಂ ಮೊಗುಲಯ್ಯನವರಿಗೆ 2022ರಲ್ಲಿ ಪದ್ಮಶ್ರೀ ಬಂತು.

ಇನ್ನು ನಿಮ್ಮ ಸೀಮೆ. ದ್ರೌಪದಮ್ಮನ ಗುಡಿಯ ಮುಂದೆ ಮಹಾಭಾರತದ ಉತ್ಸವಕ್ಕೆ ಬೆಳಗಿನತನಕ ತಮಿಳಿನ ಬೀದಿಯಾಟ ತೆರುಕೂತ್ತು ಆಡುತ್ತಾರಲ್ಲ, ಅಲ್ಲಿನ ಹಿಮ್ಮೇಳ ನೋಡಿ. ಹಾರ್ಮೋನಿಯಂ ಯುರೋಪಿನಿಂದ ಈಚೆಗೆ ಬಂದ ನೆಂಟ. ಅದು ಬರುವ ಮುಂಚೆ ರಾಗಕ್ಕೆ ಆಸರೆ ಮುಖವೀಣೆ: ಓಲಗದ ಜಾತಿಯದೇ, ಮೊಳಕ್ಕಿಂತ ಗಿಡ್ಡ, ಊದಿದರೆ ಚುಚ್ಚುವಷ್ಟು ಚೂಪು ದನಿ. ನಮ್ಮ ಮೂಡಲಪಾಯ ಯಕ್ಷಗಾನಕ್ಕೂ ಅದೇ ಬೇಕು. ಭುಜಕೀರ್ತಿ, ಕಿರೀಟಗಳಲ್ಲೂ ಎರಡು ಆಟಗಳು ದಾಯಾದಿಗಳೇ. ಮೇಳಗಳು ಭಾಷೆಯ ಗಡಿ ನೋಡಿ ಗಾಡಿ ಕಟ್ಟಿದವಲ್ಲ. ಮುಂದಿನ ಉತ್ಸವದಲ್ಲಿ ಮುಖವೀಣೆಯವರು ಸಿಕ್ಕರೆ ಅವರ ಪಕ್ಕದಲ್ಲೇ ಜಾಗ ಹಿಡಿಯಿರಿ.