ಯೂನಿಟ್ ಎಣಿಸಿದರೆ ಸಾಲದು, ಅರ್ಜಿಯೂ ಹಾಕಬೇಕು

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜೊಂದರಲ್ಲಿ ಅರವತ್ತಕ್ಕೂ ಹೆಚ್ಚು ಯೂನಿಟ್ (ಅಂದರೆ ಕ್ರೆಡಿಟ್) ಕೂಡಿಹಾಕಿ, ಒಳ್ಳೆಯ ಗ್ರೇಡುಗಳನ್ನೂ ಪಡೆದು, ಕೊನೆಗೆ ಕೈಯಲ್ಲಿ ಪದವಿಯೇ ಇಲ್ಲದೆ ಹೊರಬರುವುದು ಖಂಡಿತ ಸಾಧ್ಯ. ಕಾಲೇಜು ಮೋಸ ಮಾಡಿರುವುದಿಲ್ಲ, ವಿದ್ಯಾರ್ಥಿ ಸೋಮಾರಿಯೂ ಆಗಿರುವುದಿಲ್ಲ. ಒಂದು ವಿಭಾಗದಲ್ಲಿ ಕೋರ್ಸುಗಳು ತುಂಬಿ ತುಳುಕುತ್ತಿದ್ದು ಇನ್ನೊಂದು ವಿಭಾಗ ಖಾಲಿ ಉಳಿದಿರುತ್ತದೆ. ಇಲ್ಲವೇ ಎಲ್ಲವೂ ಸರಿಯಿದ್ದು, ಪದವಿ ಕೊಡಿ ಎಂದು ಅರ್ಜಿಯನ್ನೇ ಹಾಕಿರುವುದಿಲ್ಲ.

ಕರ್ನಾಟಕದಲ್ಲಿ ಓದಿ ಬಂದವರಿಗೆ ಇದು ವಿಚಿತ್ರವಾಗಿ ಕಾಣುವುದು ಸಹಜ. ಬಿ.ಕಾಂ. ಸೇರಿದರೆ ಯಾವ ಸೆಮಿಸ್ಟರಿಗೆ ಯಾವ ಪೇಪರ್ ಎಂಬುದನ್ನು ಬಹುಮಟ್ಟಿಗೆ ವಿಶ್ವವಿದ್ಯಾಲಯವೇ ಗೊತ್ತುಮಾಡಿರುತ್ತದೆ. ಎಲ್ಲ ಪಾಸಾದರೆ ಪದವಿ, ಒಂದು ಉಳಿದರೆ ಬ್ಯಾಕ್. ಕಮ್ಯುನಿಟಿ ಕಾಲೇಜಿನಲ್ಲಿ ನೂರಾರು ಕೋರ್ಸುಗಳು ಎದುರಿಗಿರುತ್ತವೆ, ಆಯ್ಕೆ ವಿದ್ಯಾರ್ಥಿಯದು. ಅದರ ಜೊತೆಗೆ ಲೆಕ್ಕ ಇಟ್ಟುಕೊಳ್ಳುವ ಹೊಣೆಯೂ ಅವನದೇ.

ಕ್ಯಾಲಿಫೋರ್ನಿಯಾದಲ್ಲಿ ಇಂಥ 116 ಸಾರ್ವಜನಿಕ ಕಾಲೇಜುಗಳಿವೆ. ಕುಪರ್ಟಿನೊದ ಡಿ ಆಂಜಾ, ಸಾಂಟಾ ಕ್ಲಾರಾದ ಮಿಷನ್, ಫ್ರೀಮಾಂಟಿನ ಓಲೋನಿ ಇವೆಲ್ಲ ಸಾಫ್ಟ್‌ವೇರ್ ಕೆಲಸಕ್ಕೆಂದು ಹೋದ ಕನ್ನಡಿಗರ ಮನೆಗಳಿಗೆ ಹತ್ತಿರದಲ್ಲೇ ಇರುವ ಕಾಲೇಜುಗಳು. ರಾಜ್ಯದ ನಿವಾಸಿಗಳಿಗೆ ಸೆಮಿಸ್ಟರ್ ಯೂನಿಟ್ ಒಂದಕ್ಕೆ 46 ಡಾಲರ್ ಶುಲ್ಕ. ಅರವತ್ತು ಯೂನಿಟ್ಟಿಗೆ 2,760 ಡಾಲರ್. ಪುಸ್ತಕ, ಪಾರ್ಕಿಂಗ್, ಚಿಲ್ಲರೆ ಶುಲ್ಕಗಳು ಬೇರೆ. ಅಮೆರಿಕದ ಉನ್ನತ ಶಿಕ್ಷಣದ ವೆಚ್ಚ ಬಲ್ಲವರಿಗೆ ಇದು ಎಷ್ಟು ಅಗ್ಗ ಎಂದು ಬಿಡಿಸಿ ಹೇಳಬೇಕಿಲ್ಲ.

ಈ ಕಾಲೇಜುಗಳು ಕೊಡುವ ಎರಡು ವರ್ಷದ ಅಸೋಸಿಯೇಟ್ ಪದವಿಯ ಕನಿಷ್ಠ ಅರ್ಹತೆಯನ್ನು ನಿಗದಿ ಮಾಡಿರುವುದು 'ಟೈಟಲ್ 5' ಎಂಬ ರಾಜ್ಯ ನಿಯಮಾವಳಿ. ಅದರ ಪ್ರಕಾರ ಪದವಿಗೆ ಲೆಕ್ಕಕ್ಕೆ ಬರುವ ಯೂನಿಟ್ಟುಗಳು ಒಟ್ಟು 60 ಆಗಬೇಕು. ಅದರಲ್ಲಿ ಕನಿಷ್ಠ 18 ಒಂದೇ ಮೇಜರ್ ವಿಷಯದಲ್ಲಿರಬೇಕು ಮತ್ತು ಆ ಮೇಜರಿನ ಪ್ರತಿ ಕೋರ್ಸಿನಲ್ಲೂ 'ಸಿ' ಅಥವಾ ಅದಕ್ಕಿಂತ ಮೇಲಿನ ಗ್ರೇಡ್ ಬಂದಿರಬೇಕು. ಒಟ್ಟಾರೆ ಗ್ರೇಡ್ ಸರಾಸರಿ 2.0ಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಸಾಮಾನ್ಯವಾಗಿ ಕನಿಷ್ಠ 12 ಯೂನಿಟ್ಟನ್ನು ಪದವಿ ಕೊಡುವ ಕಾಲೇಜಿನಲ್ಲೇ ಓದಿರಬೇಕು. ಆ ಅರವತ್ತರಲ್ಲೇ ಜನರಲ್ ಎಜುಕೇಶನ್ ಎಂಬ ಕಡ್ಡಾಯ ಸಾಮಾನ್ಯ ವಿಷಯಗಳೂ ಸೇರಿರಬೇಕು: ಇಂಗ್ಲಿಷ್ ಬರವಣಿಗೆ, ಮಾತುಗಾರಿಕೆ ಮತ್ತು ವಿಮರ್ಶಾತ್ಮಕ ಚಿಂತನೆ, ಗಣಿತ, ಕಲೆ ಮತ್ತು ಮಾನವಿಕ, ಸಮಾಜ ವಿಜ್ಞಾನ, ನಿಸರ್ಗ ವಿಜ್ಞಾನ, ಎತ್ನಿಕ್ ಸ್ಟಡೀಸ್ (ಜನಾಂಗೀಯ ಅಧ್ಯಯನ). ಅಕೌಂಟಿಂಗ್ ಕೋರ್ಸುಗಳನ್ನೇ ಸಾಲಾಗಿ ತೆಗೆದುಕೊಂಡು ಅರವತ್ತು ತಲುಪಿದವರು ಎಡವುವುದು ಇಲ್ಲೇ. ಅಕೌಂಟಿಂಗಿನಲ್ಲಿ ಎಷ್ಟೇ 'ಎ' ಬಂದಿರಲಿ, ವಿಜ್ಞಾನದ ಒಂದು ಕೋರ್ಸ್ ಇಲ್ಲದಿದ್ದರೆ ಪದವಿ ಇಲ್ಲ.

ಯೂನಿಟ್ಟಿನಲ್ಲೇ ಎರಡು ಅಳತೆಗಳಿವೆ. ಡಿ ಆಂಜಾ ಮತ್ತು ಪಕ್ಕದ ಫುಟ್‌ಹಿಲ್ ಕಾಲೇಜುಗಳು ನಡೆಯುವುದು ಕ್ವಾರ್ಟರ್ ಪದ್ಧತಿಯಲ್ಲಿ. ಅಲ್ಲಿ ಪದವಿಗೆ 90 ಯೂನಿಟ್ ಬೇಕು, ಶುಲ್ಕ ಯೂನಿಟ್ಟಿಗೆ 31 ಡಾಲರ್. ಮಿಷನ್, ಓಲೋನಿಗಳದು ಸೆಮಿಸ್ಟರ್. ಹಾಗಾಗಿ ಡಿ ಆಂಜಾದಲ್ಲಿ 30 ಯೂನಿಟ್ ಮುಗಿಸಿ, ಮನೆ ಬದಲಾಯಿಸಿ ಓಲೋನಿ ಸೇರಿದವರ ಖಾತೆಯಲ್ಲಿ ಇಪ್ಪತ್ತೇ ಕಾಣುತ್ತದೆ. ಏನೂ ಕಳೆದುಹೋಗಿಲ್ಲ, ಅಳತೆಗೋಲು ಬದಲಾಗಿದೆ ಅಷ್ಟೆ. ನಿಜವಾಗಿ ಲೆಕ್ಕದಿಂದ ಹೊರಗುಳಿಯುವುದು ನಾನ್‌ಕ್ರೆಡಿಟ್ ತರಗತಿಗಳು ಮತ್ತು ಪದವಿ ಮಟ್ಟಕ್ಕಿಂತ ಕೆಳಗಿನ ಕೋರ್ಸುಗಳು. ಸೇರುವ ಮುನ್ನ ಕೋರ್ಸಿನ ವಿವರಣೆಯಲ್ಲಿ ಅದು ಪದವಿಗೆ ಲೆಕ್ಕಕ್ಕೆ ಬರುತ್ತದೆಯೇ ಎಂದು ನೋಡಿಕೊಂಡರೆ ಒಂದು ಸೆಮಿಸ್ಟರ್ ಉಳಿಯುತ್ತದೆ.

ಸರ್ಟಿಫಿಕೇಟುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 'ಸರ್ಟಿಫಿಕೇಟ್ ಆಫ್ ಅಚೀವ್‌ಮೆಂಟ್' ಎಂಬ ಹೆಸರನ್ನು ಕಾಲೇಜು ತನಗೆ ತೋಚಿದ ಕಾರ್ಯಕ್ರಮಕ್ಕೆ ಕೊಡುವಂತಿಲ್ಲ, ಅದಕ್ಕೆ ರಾಜ್ಯದ ಕಮ್ಯುನಿಟಿ ಕಾಲೇಜುಗಳ ಚಾನ್ಸಲರ್ ಕಚೇರಿಯ ಅನುಮೋದನೆ ಬೇಕು. 16 ಅಥವಾ ಹೆಚ್ಚು ಸೆಮಿಸ್ಟರ್ ಯೂನಿಟ್ಟಿನ ಕಾರ್ಯಕ್ರಮಗಳು ಈ ಅನುಮೋದನೆ ಪಡೆಯಲೇಬೇಕು. 8ರಿಂದ 16ರೊಳಗಿನವನ್ನು ಕಾಲೇಜು ಬಯಸಿದರೆ ಕಳುಹಿಸಬಹುದು. ಅನುಮೋದನೆ ಇಲ್ಲದ ಸಣ್ಣ ಸರ್ಟಿಫಿಕೇಟುಗಳನ್ನೂ ಕಾಲೇಜುಗಳು ಕೊಡುತ್ತವೆ. ಅವು ಗೋಡೆಗೆ ತೂಗುಹಾಕಲು ಚೆನ್ನ, ಆದರೆ ಅಧಿಕೃತ ಟ್ರಾನ್ಸ್‌ಕ್ರಿಪ್ಟಿನಲ್ಲಿ ಬರುವುದಿಲ್ಲ. ಕಾಲೇಜಿನ ಕೈಪಿಡಿಯಲ್ಲಿ ಎರಡೂ ಒಂದೇ ಪುಟದಲ್ಲಿ ಅಕ್ಕಪಕ್ಕ ಇರಬಹುದು. ಆದ್ದರಿಂದ ಕೌನ್ಸೆಲರ್ ಎದುರು ಮೊದಲು ಕೇಳಬೇಕಾದ ಪ್ರಶ್ನೆ "ಇದು ನನ್ನ ಟ್ರಾನ್ಸ್‌ಕ್ರಿಪ್ಟಿನಲ್ಲಿ ಬರುತ್ತದೆಯೇ?" ಎಂಬುದು.

ಪ್ರೀಸ್ಕೂಲ್ ಶಿಕ್ಷಕಿಯಾಗಲು ಬಯಸುವವರ ಉದಾಹರಣೆ ನೋಡಬಹುದು. ಕ್ಯಾಲಿಫೋರ್ನಿಯಾದ ಮಕ್ಕಳ ಆರೈಕೆ ಕೇಂದ್ರಗಳಲ್ಲಿ ಶಿಕ್ಷಕಿಯಾಗಲು ಶಿಶು ಶಿಕ್ಷಣದಲ್ಲಿ 12 ಸೆಮಿಸ್ಟರ್ ಯೂನಿಟ್ ಮತ್ತು ಕೆಲಸದ ಅನುಭವವನ್ನು ರಾಜ್ಯದ ಲೈಸೆನ್ಸಿಂಗ್ ನಿಯಮ ಕೇಳುತ್ತದೆ. ರಾಜ್ಯ ಕೊಡುವ ಚೈಲ್ಡ್ ಡೆವಲಪ್‌ಮೆಂಟ್ ಪರ್ಮಿಟ್ ಅದಕ್ಕಿಂತ ಬೇರೆಯದು. ಅಸೋಸಿಯೇಟ್ ಟೀಚರ್ ಹಂತಕ್ಕೆ 12 ಯೂನಿಟ್ ಸಾಕು, ಟೀಚರ್ ಹಂತಕ್ಕೆ ಅದು 24ಕ್ಕೆ ಏರಿ ಮೇಲೆ ಜನರಲ್ ಎಜುಕೇಶನ್ನಿನ 16 ಯೂನಿಟ್ ಸೇರುತ್ತದೆ. ಕಾಲೇಜಿನ ಸರ್ಟಿಫಿಕೇಟು, ಕೇಂದ್ರದ ನೇಮಕಾತಿ ಅರ್ಹತೆ, ರಾಜ್ಯದ ಪರ್ಮಿಟ್ ಹೀಗೆ ಮೂರು ಬಾಗಿಲು, ಮೂರಕ್ಕೂ ಬೇರೆ ಬೇರೆ ಬೀಗ. ಎಚ್-4 (ಅವಲಂಬಿತರ) ವೀಸಾದಲ್ಲಿರುವ ಪತ್ನಿಗೆ ನಾಲ್ಕನೆಯದೂ ಒಂದಿದೆ: ಕೆಲಸದ ಪರವಾನಗಿ. ಪತಿಯ ಗ್ರೀನ್ ಕಾರ್ಡ್ ಪ್ರಕ್ರಿಯೆಯಲ್ಲಿ ಐ-140 ಎಂಬ ಅರ್ಜಿ ಮಂಜೂರಾಗಿರುವಂಥ ಸಂದರ್ಭಗಳಲ್ಲಿ 2015ರ ನಿಯಮದಂತೆ ಅದಕ್ಕೆ ಅರ್ಜಿ ಹಾಕಬಹುದು. ಅದಿಲ್ಲದಿದ್ದರೆ ಓದಲು ತಡೆಯಿಲ್ಲ, ದುಡಿಯಲು ತಡೆಯಿದೆ.

ವೀಸಾದ ಮಾತು ಬಂದ ಮೇಲೆ ಶುಲ್ಕದ ಮಾತೂ ಬರಲೇಬೇಕು. ಹೊರರಾಜ್ಯ, ಹೊರದೇಶದವರು ಕಟ್ಟುವ ಶುಲ್ಕ 46 ಡಾಲರಿನ ಹಲವು ಪಟ್ಟು. ಕೆಲಸದ ವೀಸಾ ಎಚ್-1ಬಿ ಮತ್ತು ಎಚ್-4 ವೀಸಾದವರು ಕ್ಯಾಲಿಫೋರ್ನಿಯಾದ ನಿವಾಸಿಗಳೆಂದು ಸಾಬೀತು ಮಾಡಬಹುದು. ವಿದ್ಯಾರ್ಥಿ ವೀಸಾ ಎಫ್-1 ಮತ್ತು ಸಂದರ್ಶಕರ ಬಿ ವೀಸಾದವರಿಗೆ ಆ ದಾರಿ ಇಲ್ಲ. ತರಗತಿ ಶುರುವಾಗುವ ಹಿಂದಿನ ದಿನಕ್ಕೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ರಾಜ್ಯದಲ್ಲಿ ವಾಸವಿರಬೇಕು, ಅಲ್ಲೇ ನೆಲೆಸುವ ಉದ್ದೇಶವನ್ನು ದಾಖಲೆಗಳಲ್ಲೂ ತೋರಿಸಬೇಕು. ಚಾಲನಾ ಪರವಾನಗಿ, ರಾಜ್ಯದ ತೆರಿಗೆ ವಿವರ, ಬ್ಯಾಂಕ್ ಖಾತೆ, ಬಾಡಿಗೆ ಕರಾರು ಇಂಥವು. ಎಲ್ಲವೂ ಪತಿಯ ಹೆಸರಿನಲ್ಲೇ ಇರುವ ಮನೆಗಳಲ್ಲಿ ಪತ್ನಿಯ ಅರ್ಜಿ ತೊಡಕಾಗುತ್ತದೆ. ಬಂದಿಳಿದ ಹೊಸದರಲ್ಲೇ ಒಂದೆರಡು ಕಾಗದಗಳಲ್ಲಿ ಅವಳ ಹೆಸರನ್ನೂ ಸೇರಿಸಿಟ್ಟರೆ ಮುಂದೆ ಸಾವಿರಾರು ಡಾಲರ್ ಉಳಿಯುತ್ತದೆ. ನಿವಾಸಿಯಲ್ಲ ಎಂದು ಕಾಲೇಜು ತೀರ್ಮಾನಿಸಿದರೆ ಸುಮ್ಮನೆ ಕಟ್ಟಬೇಕಿಲ್ಲ, ಮರುಪರಿಶೀಲನೆ ಕೇಳಬಹುದು.

ವಿದ್ಯಾರ್ಥಿಗಿರುವ ಹಕ್ಕುಗಳಲ್ಲಿ ಬಹಳ ಬೆಲೆಯುಳ್ಳದ್ದೂ ಕಡಿಮೆ ಮಂದಿಗೆ ಗೊತ್ತಿರುವುದೂ ಕ್ಯಾಟಲಾಗ್ ಹಕ್ಕು. ಕಾಲೇಜು ಪ್ರತಿ ವರ್ಷ ಕ್ಯಾಟಲಾಗ್ ಹೊರಡಿಸುತ್ತದೆ, ಪದವಿಯ ಷರತ್ತುಗಳೆಲ್ಲ ಅದರಲ್ಲಿರುತ್ತವೆ. ಓದು ಆರಂಭಿಸಿದ ವರ್ಷದ ಷರತ್ತುಗಳೇ, ಬಿಡದೆ ಓದುತ್ತಿರುವವರೆಗೆ, ಆ ವಿದ್ಯಾರ್ಥಿಗೆ ಅನ್ವಯ. ನಡುವೆ ಮೇಜರಿಗೆ ಹೊಸ ಕೋರ್ಸ್ ಸೇರಿಸಿದರೆ ಅದನ್ನು ಹಳಬರ ಮೇಲೆ ಹೇರುವಂತಿಲ್ಲ. ಹೊಸ ಕ್ಯಾಟಲಾಗ್ ಅನುಕೂಲವಾದರೆ ಅದನ್ನು ಆರಿಸಿಕೊಳ್ಳಲೂ ಬಹುದು. ಜನರಲ್ ಎಜುಕೇಶನ್ ನಿಯಮಗಳೇ 2025ರ ಶರತ್ಕಾಲದಿಂದ ಬದಲಾಗಿರುವಾಗ ಈ ಹಕ್ಕಿನ ಬೆಲೆ ಹೆಚ್ಚಿದೆ. ಹೆರಿಗೆ, ಊರಿಗೆ ಪ್ರಯಾಣ ಎಂದು ಒಂದೆರಡು ಅವಧಿ ಬಿಟ್ಟವರು ಮಾತ್ರ ಜಾಗ್ರತೆ ವಹಿಸಬೇಕು. ಎಷ್ಟು ಕಾಲ ಬಿಟ್ಟರೆ ಸರಣಿ ಕಡಿಯುತ್ತದೆ ಎಂಬುದನ್ನು ಆಯಾ ಕಾಲೇಜೇ ಗೊತ್ತುಮಾಡಿರುತ್ತದೆ. ಸೇರಿದ ವರ್ಷದ ಕ್ಯಾಟಲಾಗನ್ನು ಕಂಪ್ಯೂಟರಿನಲ್ಲಿ ಉಳಿಸಿಟ್ಟುಕೊಳ್ಳುವುದು ಜಾಣತನ.

ಗಣಿತ, ಇಂಗ್ಲಿಷ್ ಕೋರ್ಸುಗಳ ಬಾಗಿಲಲ್ಲಿ ಹಿಂದೆಲ್ಲ ವಿದ್ಯಾರ್ಥಿಯ ಮಟ್ಟ ಅಳೆಯುವ ಒಂದು ಪ್ಲೇಸ್‌ಮೆಂಟ್ ಪರೀಕ್ಷೆ ಕಾದು ನಿಂತಿರುತ್ತಿತ್ತು. ಅದರಲ್ಲಿ ಮುಗ್ಗರಿಸಿದವರು ಲೆಕ್ಕಕ್ಕೆ ಬಾರದ ಪೂರ್ವಸಿದ್ಧತಾ ತರಗತಿಗಳಲ್ಲಿ ವರ್ಷಗಟ್ಟಲೆ ಸಿಕ್ಕಿಕೊಳ್ಳುತ್ತಿದ್ದರು. 2017ರಲ್ಲಿ ಅಂಗೀಕಾರವಾದ ಎಬಿ 705 ಕಾಯ್ದೆ ಇದನ್ನು ಬದಲಿಸಿತು. ವಿದ್ಯಾರ್ಥಿ ಒಂದು ವರ್ಷದೊಳಗೆ, ವಿಶ್ವವಿದ್ಯಾಲಯಕ್ಕೆ ವರ್ಗಾವಣೆಯಾಗಲು ಬೇಕಾದ ಮಟ್ಟದ ಗಣಿತ, ಇಂಗ್ಲಿಷ್ ಮುಗಿಸುವ ಸಾಧ್ಯತೆಯನ್ನು ಆದಷ್ಟು ಹೆಚ್ಚಿಸುವುದು ಕಾಲೇಜಿನ ಕರ್ತವ್ಯ, ಹೈಸ್ಕೂಲಿನ ಅಂಕಗಳನ್ನು ಪರಿಗಣಿಸಲೇಬೇಕು.

ಕಮ್ಯುನಿಟಿ ಕಾಲೇಜು ಹಲವರಿಗೆ ಮೊದಲ ಎರಡು ವರ್ಷದ ಮೆಟ್ಟಿಲು ಮಾತ್ರ, ಮುಂದೆ ಅವರು ವಿಶ್ವವಿದ್ಯಾಲಯಕ್ಕೆ ವರ್ಗಾವಣೆಯಾಗುತ್ತಾರೆ. 2010ರ ಎಸ್‌ಬಿ 1440 ಕಾಯ್ದೆಯಿಂದ ಬಂದ 'ವರ್ಗಾವಣೆಯ ಅಸೋಸಿಯೇಟ್ ಪದವಿ' ಪಡೆದವರಿಗೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ವ್ಯವಸ್ಥೆಯಲ್ಲಿ ಸೀಟಿನ ಖಾತರಿ ಇದೆ. ಆದರೆ ಬೇಕಾದ ಕ್ಯಾಂಪಸ್ಸೇ ಸಿಗುತ್ತದೆ ಎಂಬ ಖಾತರಿ ಇಲ್ಲ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಆರು ಕ್ಯಾಂಪಸ್ಸುಗಳು ಷರತ್ತು ಪೂರೈಸಿದವರಿಗೆ ಪ್ರವೇಶದ ಭರವಸೆ ಕೊಡುತ್ತವೆ. ಅಪ್ಪ ಅಮ್ಮಂದಿರು ಸಾಮಾನ್ಯವಾಗಿ ಹೆಸರಿಸುವ ಬರ್ಕ್ಲಿ ಮತ್ತು ಯುಸಿಎಲ್‌ಎ ಆ ಆರರಲ್ಲಿ ಇಲ್ಲ.

ಅಪ್ಪ ಅಮ್ಮಂದಿರಿಗೆ ಸಿಟ್ಟು ತರಿಸುವ ಕಾನೂನು ಇನ್ನೊಂದಿದೆ. ಹೈಸ್ಕೂಲಿನಲ್ಲಿರುವಾಗಲೇ ಮಕ್ಕಳು ಕಾಲೇಜಿನ ಕೋರ್ಸ್ ತೆಗೆದುಕೊಳ್ಳುವುದು ಈಗ ಮಾಮೂಲು. ಶಿಕ್ಷಣ ದಾಖಲೆಗಳ ಕುರಿತ 1974ರ ಫೆಡರಲ್ ಕಾಯ್ದೆ ಫೆರ್ಪಾದ ಪ್ರಕಾರ, ವಯಸ್ಸು ಹದಿನಾರೇ ಆಗಿರಲಿ, ಕಾಲೇಜಿನ ದಾಖಲೆಯ ಮೇಲಿನ ಹಕ್ಕು ವಿದ್ಯಾರ್ಥಿಯದೇ. ಮಗನ ಗ್ರೇಡ್ ಏನು ಎಂದು ತಂದೆ ಫೋನ್ ಮಾಡಿದರೆ ಕಚೇರಿಯವರು ಸಾಮಾನ್ಯವಾಗಿ ಮಗನ ಲಿಖಿತ ಒಪ್ಪಿಗೆ ಕೇಳುತ್ತಾರೆ. ಶುಲ್ಕ ಕಟ್ಟಿದವನು ತಾನೆಂಬ ವಾದ ಅಲ್ಲಿ ನಡೆಯುವುದಿಲ್ಲ. ಇದೇ ಕಾಯ್ದೆ ವಿದ್ಯಾರ್ಥಿಗೆ ತನ್ನ ಕಡತ ನೋಡುವ ಹಕ್ಕನ್ನೂ, ತಪ್ಪಿದ್ದರೆ ತಿದ್ದಲು ಕೇಳುವ ಹಕ್ಕನ್ನೂ ಕೊಡುತ್ತದೆ. ನೋಡಲು ಕೇಳಿದ 45 ದಿನಗಳೊಳಗೆ ತೋರಿಸಬೇಕು.

ಗ್ರೇಡಿನ ಬಗ್ಗೆ ತಕರಾರಿದ್ದರೆ ದಾರಿ ಕಿರಿದು. ತಪ್ಪು, ವಂಚನೆ, ದುರುದ್ದೇಶ, ಅಸಾಮರ್ಥ್ಯ ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೆ ಅಧ್ಯಾಪಕರು ಕೊಟ್ಟ ಗ್ರೇಡೇ ಅಂತಿಮ ಎನ್ನುತ್ತದೆ ರಾಜ್ಯದ ಶಿಕ್ಷಣ ಸಂಹಿತೆ. "ಪೇಪರ್ ಕಷ್ಟವಿತ್ತು" ಎಂಬುದು ಕಾರಣವಾಗದು, ಕೂಡಿಸುವಾಗ ಆದ ಎಡವಟ್ಟು ಆಗುತ್ತದೆ. ಬಾಕಿ ಹಣದ ವಿಷಯದಲ್ಲಿ ಕಾನೂನು ವಿದ್ಯಾರ್ಥಿಯ ಪರ: 2020ರ ಜನವರಿಯಿಂದ, ಸಾಲ ಉಳಿಸಿಕೊಂಡಿದ್ದಾರೆ ಎಂಬ ಕಾರಣಕ್ಕೆ ಟ್ರಾನ್ಸ್‌ಕ್ರಿಪ್ಟ್ ತಡೆಹಿಡಿಯುವಂತಿಲ್ಲ.

ಭಾರತದಲ್ಲಿ ಓದಿದ ಕೋರ್ಸುಗಳನ್ನು ಲೆಕ್ಕಕ್ಕೆ ಸೇರಿಸಬೇಕಾದರೆ ಮಾನ್ಯ ಸಂಸ್ಥೆಯೊಂದರಿಂದ ಅಂಕಪಟ್ಟಿಗಳ ಮೌಲ್ಯಮಾಪನ ಮಾಡಿಸಬೇಕು, ಎಷ್ಟನ್ನು ಒಪ್ಪಬೇಕೆಂದು ಕಾಲೇಜು ನಿರ್ಧರಿಸುತ್ತದೆ. ಒಂದು ಕೋರ್ಸಿನ ಬದಲು ಇನ್ನೊಂದನ್ನು ಪರಿಗಣಿಸಿ ಎಂದು ಕೇಳುವ ಅರ್ಜಿಯೂ ಉಂಟು. ಬೆಂಗಳೂರಿಗೆ ಮರಳುವವರು ಒಂದನ್ನು ತಿಳಿದಿರಬೇಕು: ಎರಡು ವರ್ಷದ ಅಸೋಸಿಯೇಟ್ ಪದವಿ ಭಾರತದ ಬಿ.ಎ., ಬಿ.ಕಾಂ.ಗೆ ಸಮವಲ್ಲ.

ಕೊನೆಯ ಕೆಲಸ ಪದವಿಯ ಅರ್ಜಿ. ಬಹುಪಾಲು ಕಾಲೇಜುಗಳಲ್ಲಿ ಪ್ರತಿ ಅವಧಿಗೂ ಇದಕ್ಕೊಂದು ಕೊನೆಯ ದಿನಾಂಕವಿದೆ, ಸರ್ಟಿಫಿಕೇಟಿಗೆ ಬೇರೆ ಅರ್ಜಿ ಬೇಕಾಗಬಹುದು. ಕೊನೆಯ ಅವಧಿಗೆ ಒಂದು ಅವಧಿ ಮೊದಲೇ ಕೌನ್ಸೆಲರ್ ಜೊತೆ ಕೂತು, ಆನ್‌ಲೈನ್ ಡಿಗ್ರಿ ಆಡಿಟ್ ತೆರೆದು, ಯಾವ ವಿಭಾಗ ಖಾಲಿಯಿದೆ ಎಂದು ನೋಡಿದರೆ ತುಂಬಿಕೊಳ್ಳಲು ಸಮಯವಿರುತ್ತದೆ. ಅರ್ಜಿ ತಿರಸ್ಕೃತವಾದರೆ ಯಾವ ಷರತ್ತು ಉಳಿದಿದೆ ಎಂದು ಬರಹದಲ್ಲಿ ಕೇಳಬೇಕು. ಕಾಲೇಜು ಬಿಟ್ಟು ವರ್ಷಗಳಾದವರೂ ಹಳೆಯ ಯೂನಿಟ್ಟುಗಳ ಮೇಲೆ ಪದವಿ ಕೇಳಬಹುದು, ಆದರೆ ಆ ಹೊತ್ತಿಗೆ ಹಳೆಯ ಕ್ಯಾಟಲಾಗಿನ ಹಕ್ಕು ತಪ್ಪಿಹೋಗಿದ್ದರೆ ಹೊಸ ಷರತ್ತಿನಂತೆ ಒಂದೆರಡು ಕೋರ್ಸ್ ಮತ್ತೆ ಓದಬೇಕಾಗಿ ಬರಬಹುದು.