ಹರೆಯದ ಸಾಹಸವೂ ಗೆಳೆಯರ ಸನ್ನಿಧಿಯೂ

ಒಬ್ಬನೇ ಇರುವಾಗ ಕೆರೆಯ ಆಳವನ್ನು ನೋಡಿ ಹಿಂಜರಿಯುವ ಹುಡುಗನು, ನಾಲ್ವರು ಗೆಳೆಯರು ದಡದಲ್ಲಿ ನಿಂತಿರುವಾಗ ಅದೇ ನೀರಿಗೆ ಧುಮುಕುವುದುಂಟು. ಹದಿಹರೆಯದವರಿಗೆ ಅಪಾಯದ ಅರಿವೇ ಇರುವುದಿಲ್ಲವೆಂದು ಹಿರಿಯರು ಹೇಳುವುದು ವಾಡಿಕೆ. ಈ ಮಾತು ಎಷ್ಟರ ಮಟ್ಟಿಗೆ ನಿಜ? ಇದನ್ನು ನಾವು ವಿಚಾರಿಸಿ ನೋಡೋಣ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಎಂಬವರು 2005ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಅದರಲ್ಲಿ ಭಾಗವಹಿಸಿದವರು 306 ಮಂದಿ. 13ರಿಂದ 16 ವರ್ಷದವರದು ಒಂದು ಗುಂಪು. 18ರಿಂದ 22ರವರದು ಇನ್ನೊಂದು. 24 ಮತ್ತು ಅದಕ್ಕೆ ಮೇಲ್ಪಟ್ಟವರದು ಮೂರನೆಯದು. ಕಂಪ್ಯೂಟರಿನ ತೆರೆಯ ಮೇಲೆ ಕಾರನ್ನು ಓಡಿಸುವುದೇ ಅವರಿಗೆ ಕೊಟ್ಟ ಆಟ. ದಾರಿದೀಪವು ಹಳದಿಯಾದ ಮೇಲೆಯೂ ಕಾರು ಮುಂದೆ ಸಾಗಿದಷ್ಟು ಲಾಭ. ಆದರೆ ದೀಪವು ಯಾವ ಕ್ಷಣದಲ್ಲಿ ಕೆಂಪಾಗುವುದೆಂದು ತಿಳಿಯದು. ಆಗ ಕಾರು ಚಲಿಸುತ್ತಿದ್ದರೆ ಗೋಡೆಗೆ ಬಡಿಯುವುದು. ಕೆಲವರು ಒಬ್ಬೊಬ್ಬರೇ ಆಡಿದರು. ಉಳಿದವರು ಸಮವಯಸ್ಕರಾದ ಇಬ್ಬರ ಜೊತೆಯಲ್ಲಿ ಆಡಿದರು.

ಒಬ್ಬರೇ ಆಡಿದಾಗ ಮೂರು ಗುಂಪಿನವರೂ ಹೆಚ್ಚುಕಡಿಮೆ ಒಂದೇ ಸಮನಾಗಿ ಎಚ್ಚರ ವಹಿಸಿದರು. ಜೊತೆಗಾರರು ಸೇರಿದೊಡನೆ ಅತ್ಯಂತ ಕಿರಿಯರ ದುಡುಕು ಬಹಳವಾಗಿ ಹೆಚ್ಚಿತು. ನಡುವಿನ ಗುಂಪಿನಲ್ಲಿ ಅಷ್ಟಲ್ಲದಿದ್ದರೂ ಹೆಚ್ಚಿತು. ಹಿರಿಯರಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಆದುದರಿಂದ ಕೊರತೆಯು ಅರಿವಿನದಲ್ಲವೆಂದಾಯಿತು.

ಹಾಗಾದರೆ ಕಾರಣವೇನು? ಜೇಸನ್ ಚೈನ್, ಸ್ಟೈನ್‌ಬರ್ಗ್ ಮೊದಲಾದವರು 2011ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗವು ಇದಕ್ಕೆ ಬೆಳಕು ಬೀರಿತು. ಇಂತಹುದೇ ಆಟವನ್ನಾಡುವವರ ಮಿದುಳನ್ನು ಅವರು ಎಂ.ಆರ್.ಐ. ಯಂತ್ರದಿಂದ ಪರೀಕ್ಷಿಸಿದರು. ಗೆಳೆಯರು ಬೇರೊಂದು ಕೋಣೆಯಿಂದ ತಮ್ಮ ಆಟವನ್ನು ನೋಡುತ್ತಿರುವರೆಂದು ತಿಳಿದಾಗ, ಹದಿಹರೆಯದವರ ಮಿದುಳಿನಲ್ಲಿ ಬಹುಮಾನದ ನಿರೀಕ್ಷೆಗೆ ಸ್ಪಂದಿಸುವ ಭಾಗಗಳು ಹೆಚ್ಚು ಚುರುಕಾದವು. ಗೆಳೆಯರು ಪ್ರೋತ್ಸಾಹದ ಮಾತನ್ನಾಡಬೇಕೆಂದೇನೂ ಇಲ್ಲ. ಅವರ ಕಣ್ಣೇ ಸಾಕು! ಇತ್ತ ಆವೇಗವನ್ನು ಹತೋಟಿಯಲ್ಲಿಡುವ, ಹಣೆಯ ಹಿಂದಿರುವ ಮಿದುಳಿನ ಭಾಗವು ಪೂರ್ಣವಾಗಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಕುದುರೆಗೆ ಹುರುಪು ಬಂದಿದೆ, ಕಡಿವಾಣವಿನ್ನೂ ಸಡಿಲವಾಗಿದೆ ಎಂದರೆ ತಪ್ಪಾಗದು.

ಇದು ತಿಳಿದ ಮೇಲೆ ಬರಿಯ ಉಪದೇಶದಿಂದ ಪ್ರಯೋಜನ ಅಲ್ಪವೆಂಬುದು ಸ್ಪಷ್ಟ. ಅಮೆರಿಕದ ಅನೇಕ ಸಂಸ್ಥಾನಗಳಲ್ಲಿ, ಹೊಸದಾಗಿ ಪರವಾನಗಿ ಪಡೆದ ಕಿರಿಯ ಚಾಲಕರು ಎಷ್ಟು ಮಂದಿ ಎಳೆಯರನ್ನು ಕಾರಿನಲ್ಲಿ ಕೂರಿಸಿಕೊಳ್ಳಬಹುದೆಂಬುದಕ್ಕೆ ಕಾನೂನೇ ಮಿತಿಯನ್ನು ಹಾಕಿದೆ.

ವಿದ್ಯಾರ್ಥಿಗಳು ಇದರಿಂದ ಗೆಳೆತನವನ್ನು ತೊರೆಯಬೇಕಾಗಿಲ್ಲ. ಈಜಬೇಕೆ, ಬೈಕಿನ ವೇಗ ಎಷ್ಟಿರಬೇಕು ಎಂಬುದನ್ನು ಮನೆಯಿಂದ ಹೊರಡುವ ಮೊದಲೇ, ಏಕಾಂತದಲ್ಲಿ ನಿಶ್ಚಯಿಸಿಕೊಂಡರೆ ಸಾಕು. ದಡದಲ್ಲಿ ನಿಂತು ನೋಡುವವರಾಗಿ ನಮಗೂ ಒಂದು ಹೊಣೆಯುಂಟು: ನಮ್ಮ ಮೌನದ ನೋಟವೂ ನೀರಿಗಿಳಿಯುವವನನ್ನು ಮುಂದಕ್ಕೆ ತಳ್ಳಬಲ್ಲುದು.