ದಾಳ ಅವರ ಕೈಯಲ್ಲಿರಲಿ: ವಾರ್‌ಗೇಮ್ ಮೇಜಿಗೆ ಹೆಂಗಸರನ್ನು ಕರೆತರುವ 11 ಸೂತ್ರಗಳು

1942ರ ಆರಂಭ. ಅಟ್ಲಾಂಟಿಕ್ ಸಾಗರದಲ್ಲಿ ಬ್ರಿಟನ್ನಿನ ಸರಕು ಹಡಗುಗಳನ್ನು ಜರ್ಮನಿಯ ಜಲಾಂತರ್ಗಾಮಿ ಯು-ಬೋಟ್‌ಗಳು ಒಂದರ ಹಿಂದೊಂದು ಮುಳುಗಿಸುತ್ತಿದ್ದ ಕಾಲ. ಲಿವರ್‌ಪೂಲ್ ನಗರದ ಡರ್ಬಿ ಹೌಸ್ ಕಟ್ಟಡದಲ್ಲಿ ನೌಕಾಪಡೆಯವರು ಒಂದು ಆಟದ ಕೋಣೆ ತೆರೆದರು. ಅಲ್ಲಿ ನೆಲವೇ ಪಟ. ನೆಲದ ತುಂಬ ಚೌಕಗಳು, ಚೌಕಗಳ ಮೇಲೆ ಪುಟ್ಟ ಪುಟ್ಟ ಹಡಗುಗಳು. ಸುತ್ತ ಕ್ಯಾನ್ವಾಸ್ ಪರದೆ. ಪರದೆಯ ಕಿಂಡಿಯಿಂದ ಇಣುಕುವ ಅಧಿಕಾರಿಗೆ, ನಿಜವಾದ ಸಮುದ್ರದಲ್ಲಿ ಎಷ್ಟು ಕಂಡೀತೋ ಅಷ್ಟೇ ಕಾಣಬೇಕು. ಒಳಗೆ ಮಂಡಿಯೂರಿ ಹಡಗು ಸರಿಸುತ್ತ, ಸೀಮೆಸುಣ್ಣದಲ್ಲಿ ಅವುಗಳ ಹಾದಿ ಬರೆಯುತ್ತ, ದಾಳಿಯ ಲೆಕ್ಕ ಹಾಕುತ್ತಿದ್ದವರು ಮಹಿಳಾ ನೌಕಾದಳದ ಹುಡುಗಿಯರು. ‘ರೆನ್‌’ಗಳು ಎಂದು ಅವರಿಗೆ ಹೆಸರು. ಹೆಚ್ಚಿನವರ ವಯಸ್ಸು ಇಪ್ಪತ್ತರ ಆಸುಪಾಸು.

ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 5,000 ನೌಕಾಧಿಕಾರಿಗಳು ಆ ಕೋಣೆಯಲ್ಲಿ ಪಾಠ ಕಲಿತು ಕಡಲಿಗೆ ಹೋಗಿದ್ದರು. ಮೇಜಿನ ಮೇಲಿನ ಯುದ್ಧದಾಟ ಗಂಡಸರದ್ದು ಎನ್ನುವವರಿಗೆ ನಾನು ಮೊದಲು ಹೇಳುವುದು ಈ ಕೋಣೆಯ ಕಥೆಯನ್ನೇ. ಹೆಂಗಸರಿಗೆ ಇದರಲ್ಲಿ ಆಸಕ್ತಿಯಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕುತೂಹಲದಿಂದ ಒಂದು ಸಂಜೆ ಬಂದವರು ಮತ್ತೊಂದು ಸಂಜೆ ಯಾಕೆ ಬರಲಿಲ್ಲ ಎಂದು ಯಾರೂ ಕೇಳುವುದಿಲ್ಲ, ತೊಂದರೆ ಇರುವುದು ಅಲ್ಲಿ. ಕ್ಲಬ್ ನಡೆಸುವವರಿಗೆ, ಆಟ ಕಲಿಸುವವರಿಗೆ, ಗೆಳತಿಯನ್ನೋ ತಂಗಿಯನ್ನೋ ಮೇಜಿಗೆ ಕರೆತರಬೇಕೆಂದು ಇರುವವರಿಗೆ ಈ ಸೂತ್ರಗಳು.

1. ಮೊದಲ ಪ್ರಶ್ನೆ ನೋಡಿ ಕೇಳಿ

ಅಂಗಡಿಗೆ ಕಾಲಿಟ್ಟ ಹೆಂಗಸನ್ನು ‘ಮಗನಿಗಾ?’ ಎಂದು ಕೇಳಬೇಡಿ. ಕ್ಲಬ್ಬಿಗೆ ಬಂದವರನ್ನು ‘ಯಾರ ಜೊತೆ ಬಂದಿರಿ?’ ಎನ್ನಬೇಡಿ. ನನ್ನನ್ನು ಎರಡೂ ಕೇಳಿದ್ದಾರೆ. ಕೇಳಿದವರು ಒಳ್ಳೆಯವರೇ, ಆದರೂ ಆ ಒಂದು ಮಾತಿಗೆ ನಾನು ಆಟಗಾರ್ತಿಯ ಜಾಗದಿಂದ ಇಳಿದು ಬೇರೆ ಯಾರದೋ ಅಮ್ಮನಾದೆ, ಯಾರದೋ ಹೆಂಡತಿಯಾದೆ. ‘ಯಾವ ಸೈನ್ಯ ಆಡ್ತೀರಿ?’ ಎಂದು ಕೇಳಿ. ಆಡದವರು ‘ಇನ್ನೂ ಇಲ್ಲ’ ಅನ್ನುತ್ತಾರೆ, ಮಾತು ಅಲ್ಲಿಂದ ಬೆಳೆಯುತ್ತದೆ.

ಈ ಅಭ್ಯಾಸ ಹಳೆಯದು. ಎಚ್. ಜಿ. ವೆಲ್ಸ್ 1913ರಲ್ಲಿ ಬರೆದ ‘ಲಿಟಲ್ ವಾರ್ಸ್’ ಈ ಹವ್ಯಾಸದ ಮೂಲಗ್ರಂಥಗಳಲ್ಲಿ ಒಂದು. ಅದರ ಉಪಶೀರ್ಷಿಕೆ 12ರಿಂದ 150 ವರ್ಷದ ಎಲ್ಲ ಹುಡುಗರನ್ನೂ ಕರೆಯುತ್ತದೆ. ಹುಡುಗಿಯರಿಗೆ ಮಾತ್ರ ಒಂದು ಷರತ್ತು: ಹುಡುಗರ ಆಟ, ಹುಡುಗರ ಪುಸ್ತಕ ಇಷ್ಟಪಡುವ ಜಾಣೆಯರಾಗಿರಬೇಕು. ಆ ಷರತ್ತನ್ನು ನಿಮ್ಮ ಬಾಗಿಲಿನಿಂದ ಕಿತ್ತುಹಾಕಿ.

2. ಸಣ್ಣ ಕಾಳಗದಿಂದ ಶುರುಮಾಡಿ

ವಾರ್‌ಹ್ಯಾಮರ್ 40,000 ಎಂಬ ಗೊಂಬೆ ಸೈನ್ಯಗಳ ಆಟದಲ್ಲಿ 2,000 ಪಾಯಿಂಟಿನ ದೊಡ್ಡ ಕಾಳಗಕ್ಕೆ ಮೂರು ಗಂಟೆ ಸುಲಭವಾಗಿ ಹಿಡಿಯುತ್ತದೆ. ಸೈನ್ಯ ಕೊಳ್ಳುವ ದುಡ್ಡು, ಅಂಟಿಸಿ ಬಣ್ಣ ಹಚ್ಚುವ ತಿಂಗಳುಗಳು ಬೇರೆ. ಮನೆ, ಮಕ್ಕಳು, ಕೆಲಸ ಎಲ್ಲದರ ನಡುವೆ ಒಂದು ಸಂಜೆ ಬಿಡುವು ಮಾಡಿಕೊಂಡವರ ಮುಂದೆ ಇಷ್ಟು ದೊಡ್ಡ ಬೆಟ್ಟ ನಿಲ್ಲಿಸಬೇಡಿ. ಫ್ರಾಸ್ಟ್‌ಗ್ರೇವ್‌ನಂಥ ಆಟಕ್ಕೆ ಒಬ್ಬ ಮಾಂತ್ರಿಕ, ಒಬ್ಬ ಶಿಷ್ಯ, ಎಂಟು ಜನ ಯೋಧರು ಸಾಕು. ಹತ್ತು ಗೊಂಬೆ, ಊಟದ ಮೇಜಿನಷ್ಟು ಜಾಗ, ಒಂದೂವರೆ ಗಂಟೆ. ಬಣ್ಣ ಹಚ್ಚಿದ ಎರಡು ತಂಡಗಳನ್ನು ಕ್ಲಬ್ಬಿನಲ್ಲೇ ಇಟ್ಟಿರಿ, ಕಡ ಕೊಡಿ. ಮೊದಲ ದಿನ ಯಾರೂ ಪರ್ಸ್ ತೆಗೆಯುವಂತಾಗಬಾರದು.

3. ನಿಯಮ ಪುಸ್ತಕ ಮುಚ್ಚಿಡಿ

ನೂರಾರು ಪುಟದ ಪುಸ್ತಕ ತೆರೆದು ‘ಮೊದಲು ಇದೆಲ್ಲ ಗೊತ್ತಿರಬೇಕು’ ಎಂದರೆ ಅರ್ಧ ಜನ ಅಲ್ಲೇ ಎದ್ದುಹೋಗುತ್ತಾರೆ. ಹೊಸಬರಿಗೆ ನಾಲ್ಕೇ ವಿಷಯ ಹೇಳಿ: ಎಷ್ಟು ಇಂಚು ನಡೆಯಬಹುದು, ಯಾರನ್ನು ನೋಡಬಹುದು, ಎಷ್ಟು ಬಿದ್ದರೆ ಪೆಟ್ಟು ತಗಲುತ್ತದೆ, ಗೆಲ್ಲಲು ಏನು ಹಿಡಿಯಬೇಕು. ಹತ್ತು ನಿಮಿಷದೊಳಗೆ ಅವರ ಮೊದಲ ದಾಳ ಉರುಳಬೇಕು. ಉಳಿದದ್ದು ಸಂದರ್ಭ ಬಂದ ಹಾಗೆ.

ಡರ್ಬಿ ಹೌಸ್‌ನ ಹುಡುಗಿಯರು ನೌಕಾಯುದ್ಧ ಓದಿಕೊಂಡು ಬಂದವರಾಗಿರಲಿಲ್ಲ. ಆ ಘಟಕ ಕಟ್ಟಿದ್ದು ಗಿಲ್ಬರ್ಟ್ ರಾಬರ್ಟ್ಸ್. ಕ್ಷಯ ತಗುಲಿ ನೌಕಾಪಡೆಯಿಂದ ಹೊರಬಿದ್ದಿದ್ದ ಅಧಿಕಾರಿ ಅವರು. ಹುಡುಗಿಯರನ್ನು ಅವರು ನೇರವಾಗಿ ಆಟಕ್ಕೇ ಇಳಿಸಿದರು. ಎರಡು ನಿಮಿಷಕ್ಕೊಂದು ನಡೆ, ಮತ್ತೆ ಮತ್ತೆ, ದಿನವಿಡೀ. ಕಲಿತ ಬಗೆ ಹೇಗಿತ್ತೆಂದರೆ, ಮೊದಲ ಮಹಾಯುದ್ಧದಲ್ಲಿ ಸ್ವತಃ ಜಲಾಂತರ್ಗಾಮಿ ನಡೆಸಿ ಹೆಸರು ಮಾಡಿದ್ದ ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್ ಈ ಕೋಣೆಗೆ ಬಂದು ಯು-ಬೋಟಿನ ಪಾತ್ರ ವಹಿಸಿದಾಗ, ಎದುರಿಗಿದ್ದ ಜಾನೆಟ್ ಓಕೆಲ್ ಎಂಬ ರೆನ್ ಹುಡುಗಿ ಅವರನ್ನು ಐದು ಸಲ ಮುಳುಗಿಸಿದಳು. ಪರದೆಯ ಆಚೆ ಇದ್ದದ್ದು ಯಾರು ಎಂದು ಗೊತ್ತಾದಾಗ ಅಡ್ಮಿರಲ್ ಸಾಹೇಬರಿಗೆ ಹೇಗಾಗಿರಬೇಕು, ನೀವೇ ಊಹಿಸಿ.

4. ಅವರ ದಾಳ, ಅವರ ಗೊಂಬೆ ಮುಟ್ಟಬೇಡಿ

ಇದೊಂದನ್ನು ಪಾಲಿಸಿದರೆ ಉಳಿದ ಹತ್ತರಲ್ಲಿ ಅರ್ಧ ಪಾಲಿಸಿದ ಹಾಗೆ. ಹೊಸ ಹುಡುಗರು ತಪ್ಪು ನಡೆ ನಡೆದರೆ ‘ಕಲೀತಾನೆ ಬಿಡು’ ಎನ್ನುವ ಬಾಯಿಗಳೇ ಹುಡುಗಿ ಆಡುವಾಗ ಮೂರು ಕಡೆಯಿಂದ ಸಲಹೆ ಸುರಿಸುತ್ತವೆ. ಪಕ್ಕದಲ್ಲಿ ನಿಂತವರು ಕೈ ಚಾಚಿ ಗೊಂಬೆಯನ್ನು ಮರೆಗೆ ಸರಿಸಿಯೇ ಬಿಡುತ್ತಾರೆ. ಆಮೇಲೆ ಗೆದ್ದರೂ ಆ ಗೆಲುವು ಆಕೆಯದಲ್ಲ. ಅಳತೆ ಟೇಪು ಅವರ ಕೈಗೆ ಕೊಡಿ, ಕೇಳಿದಾಗ ಮಾತ್ರ ಉತ್ತರ ಹೇಳಿ. ಬೇಕೆಂದೇ ಸೋತುಕೊಡುವುದಂತೂ ಖಂಡಿತ ಬೇಡ. ಎದುರಿನವರು ಕೈ ಸಡಿಲಿಸಿದ್ದು ಆಡುವವರಿಗೆ ತಿಳಿಯುತ್ತದೆ.

5. ಇಬ್ಬರನ್ನು ಕರೆಯಿರಿ

ಇಪ್ಪತ್ತು ಗಂಡಸರಿರುವ ಕೋಣೆಯಲ್ಲಿ ಒಬ್ಬಳೇ ಹೆಂಗಸಾದರೆ, ಆಕೆ ತಪ್ಪಿದರೂ ಸುದ್ದಿ, ಗೆದ್ದರೂ ಸುದ್ದಿ. ಗೆಳತಿಯನ್ನು, ಅಕ್ಕನನ್ನು, ಕಾಲೇಜು ಮುಗಿಸಿದ ಮಗಳನ್ನು ಜೊತೆಗೆ ಕರೆತರಲು ಹೇಳಿ. ತಿಂಗಳಿಗೊಂದು ಸಂಜೆ ಹೆಂಗಸರಿಗೆಂದೇ ಮೀಸಲಿಡುವುದೂ ಒಳ್ಳೆಯದು, ಆದರೆ ಅದು ಮಾಮೂಲು ದಿನದ ಮೇಜಿಗೆ ದಾರಿಯಾಗಬೇಕು. ಅವರನ್ನು ಬದಿಗೆ ಕೂರಿಸುವ ಪ್ರತ್ಯೇಕ ಪಂಕ್ತಿ ಆಗಬಾರದು.

6. ನಿಮ್ಮ ಕಪಾಟಿನ ಗೊಂಬೆಗಳನ್ನು ಹೊಸಬರ ಕಣ್ಣಿನಿಂದ ನೋಡಿ

ಹಿಮದ ನಡುವೆ ಗಂಡಸರು ತಲೆಯಿಂದ ಕಾಲಿನವರೆಗೆ ಕವಚ ತೊಟ್ಟಿರುತ್ತಾರೆ, ಪಕ್ಕದ ಯೋಧೆಯ ಮೈಮೇಲೆ ಎರಡು ತುಂಡು ಲೋಹ. ಇಂಥ ಗೊಂಬೆಯನ್ನು ಮೊದಲ ದಿನವೇ ಮುಂದಿಟ್ಟು ‘ಇಗೋ ನಿಮಗೂ ಇದೆ’ ಎಂದರೆ ಯಾರಿಗೆ ಖುಷಿಯಾದೀತು? ಈಗ ಆಯ್ಕೆಗೆ ಕೊರತೆಯಿಲ್ಲ. ಬ್ರಿಟನ್ನಿನ ಬ್ಯಾಡ್ ಸ್ಕ್ವಿಡ್ಡೋ ಗೇಮ್ಸ್ ಹೆಸರಾದದ್ದೇ ನಂಬುವಂಥ ಯೋಧೆಯರ ಗೊಂಬೆಗಳಿಂದ. ಕೆಂಪು ಸೇನೆಯ ಹೆಂಗಸರಿಂದ ವೈಕಿಂಗ್ ಕಾಲದ ಗುರಾಣಿ ಹಿಡಿದವರವರೆಗೆ ಅಲ್ಲಿ ಸಿಗುತ್ತಾರೆ. ಫ್ರಾಸ್ಟ್‌ಗ್ರೇವ್‌ನ ಎರಡನೆಯ ಸೈನಿಕರ ಪೆಟ್ಟಿಗೆಯಲ್ಲಿ ಇರುವವರು ಹೆಂಗಸರೇ. ವಾರ್‌ಹ್ಯಾಮರ್‌ನ ‘ಸಿಸ್ಟರ್ಸ್ ಆಫ್ ಬ್ಯಾಟಲ್’ ಪಡೆ ವರ್ಷಗಳ ಕಾಲ ಹೆಚ್ಚಾಗಿ ಭಾರದ ಲೋಹದ ಗೊಂಬೆಗಳಲ್ಲೇ ಉಳಿದಿತ್ತು. 2019ರಲ್ಲಿ ಹೊಸ ಪ್ಲಾಸ್ಟಿಕ್ ಪೆಟ್ಟಿಗೆ ಬಂದದ್ದೇ ತಡ, ಖಾಲಿಯಾಯಿತು. ಕೊಳ್ಳುವವರು ಕಾಯುತ್ತಲೇ ಇದ್ದರು.

7. ಕುಂಚವೂ ಒಂದು ಬಾಗಿಲು

ಬಣ್ಣ ಹಚ್ಚಲು ಬಂದು ಆಟಕ್ಕೆ ನಿಂತವರು ಬಹಳ ಜನ. ಅಂಗೈಯಲ್ಲಿ ಅಡಗುವ ಗೊಂಬೆಯ ಕಣ್ಣು ಬರೆಯುವುದು ಕಸೂತಿಯಷ್ಟೇ ನಾಜೂಕಿನ ಕೆಲಸ, ಗೌರವದ ಕೆಲಸ. ಆದರೆ ‘ನೀವು ಬಣ್ಣ ಹಚ್ಚಿ, ನಾವು ಆಡ್ತೀವಿ’ ಎಂದು ಕೆಲಸ ಹಂಚಬೇಡಿ.

8. ಕಥೆ ಬದಲಿಸಿ, ಆಡುವವರು ಬದಲಾಗುತ್ತಾರೆ

ಪ್ರತಿ ವಾರ ಅದೇ ನಾರ್ಮಂಡಿ, ಅದೇ ವಾಟರ್‌ಲೂ. ಸ್ವಲ್ಪ ಆಚೆ ನೋಡಿ. 1908ರ ಸುಮಾರಿಗೆ ಬ್ರಿಟನ್ನಿನಲ್ಲಿ ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಹೆಂಗಸರ ಸಂಘಟನೆ ‘ಸಫ್ರಜೆಟ್ಟೋ’ ಎಂಬ ಪಟದಾಟ ತಂದಿತು. ಒಂದು ಕಡೆ ಹೋರಾಟಗಾರ್ತಿಯರು, ಇನ್ನೊಂದು ಕಡೆ ಪೊಲೀಸರು. ಹೋರಾಟಗಾರ್ತಿಯರಲ್ಲಿ ಆರು ಜನ ಸಂಸತ್ತಿನೊಳಗೆ ನುಗ್ಗಬೇಕು, ಜೊತೆಗೆ ತಮ್ಮ ಸಭೆ ನಡೆಯುವ ಆಲ್ಬರ್ಟ್ ಹಾಲ್ ಕಾಯ್ದುಕೊಳ್ಳಬೇಕು. ಸಿಕ್ಕಿಬಿದ್ದ ಹೆಂಗಸರು ಜೈಲಿಗೆ, ಪೆಟ್ಟು ತಿಂದ ಪೊಲೀಸರು ಆಸ್ಪತ್ರೆಗೆ. ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ ಅದರ ಪ್ರತಿ ಇದೆ. ಒಬ್ಬರು ನುಗ್ಗುವ, ಇನ್ನೊಬ್ಬರು ತಡೆಯುವ ಆಟ ನಮಗೇನೂ ಹೊಸದಲ್ಲ. ಜಗಲಿಯ ಕಲ್ಲಿನ ಮೇಲೆ ಗೆರೆ ಕೊರೆದು ಹುಲಿ-ಕುರಿ ಆಡಿದವರಿಗೆ ಇದರ ಗುಟ್ಟು ಗೊತ್ತು. ಹುಲಿ ಹಾರಿ ಕೊಲ್ಲುತ್ತದೆ, ಕುರಿ ಒಗ್ಗಟ್ಟಿನಿಂದ ದಾರಿ ಕಟ್ಟುತ್ತದೆ. ‘ನನಗೆ ಯುದ್ಧದಾಟ ಬರಲ್ಲ’ ಎನ್ನುವ ಅಜ್ಜಿಯ ಎದುರು ಒಮ್ಮೆ ಹುಲಿ ಹಿಡಿದು ಕೂತು ನೋಡಿ.

ಮೇಜಿನ ಸುತ್ತ ಕನ್ನಡದವರಿದ್ದರೆ ಕಿತ್ತೂರನ್ನು ಆಡಿಸಿ. ರೈಸ್‌ವಿಟ್ಜ್ ಎಂಬ ಅಧಿಕಾರಿ ಪ್ರಷ್ಯದ ಸೇನೆಗೆ ತನ್ನ ಯುದ್ಧದಾಟವನ್ನು ತೋರಿಸಿದ್ದು 1824ರಲ್ಲಿ. ಇಂದಿನ ವಾರ್‌ಗೇಮ್‌ಗಳ ವಂಶಾವಳಿ ಅಲ್ಲಿಗೆ ಮುಟ್ಟುತ್ತದೆ. ಅದೇ ವರ್ಷದ ಅಕ್ಟೋಬರಿನಲ್ಲಿ ರಾಣಿ ಚೆನ್ನಮ್ಮನ ಪಡೆ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಕಿತ್ತೂರಿನ ಕೋಟೆಯ ಮುಂದೆ ಸೋಲಿಸಿತು. ಕಂಪನಿಯ ಕಲೆಕ್ಟರ್ ಥ್ಯಾಕರೆ ಸತ್ತ, ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸೆರೆಯಾದರು. ಡಿಸೆಂಬರಿನಲ್ಲಿ ಕಂಪನಿ ದೊಡ್ಡ ಸೈನ್ಯದೊಂದಿಗೆ ಮರಳಿತು, ಕೋಟೆ ಬಿತ್ತು. ಆಟ ಕಟ್ಟುವವರಿಗೆ ಇದರಲ್ಲಿ ಎಲ್ಲವೂ ಇದೆ: ಕೋಟೆ, ಒತ್ತೆಯಾಳುಗಳು, ಸಂಧಾನ, ಬರಲಿರುವ ಕುಮ್ಮಕ್ಕು, ಮೀರುತ್ತಿರುವ ಸಮಯ. ಸೆರೆಸಿಕ್ಕವರನ್ನು ಬಿಡಬೇಕೋ ಇಟ್ಟುಕೊಳ್ಳಬೇಕೋ ಎಂಬ ಒಂದೇ ತೀರ್ಮಾನ ಇಡೀ ಸಂಜೆಯನ್ನು ಹಿಡಿದು ನಿಲ್ಲಿಸಬಲ್ಲದು. ಚಿತ್ರದುರ್ಗದ ಓಬವ್ವನ ಐತಿಹ್ಯ ಇನ್ನೂ ಚಿಕ್ಕದು, ಇನ್ನೂ ಬಿಗಿ: ಒಂದು ಕಿಂಡಿ, ಒಬ್ಬೊಬ್ಬರಾಗಿ ನುಸುಳುವ ಹೈದರಾಲಿಯ ಸೈನಿಕರು, ಒಂದು ಒನಕೆ. ಅರ್ಧ ಗಂಟೆಯ ಆಟ. ನಾನಾಗಿದ್ದರೆ ಹೊಸಬರಿಗೆ ಮೊದಲು ಅದನ್ನೇ ಕೊಡುತ್ತಿದ್ದೆ.

9. ಕೋಣೆ ಸರಿಮಾಡಿ

ಚಿಲಕವಿರುವ ಶುಚಿಯಾದ ಶೌಚಾಲಯ, ಅದರಲ್ಲಿ ಕಸದ ಡಬ್ಬಿ. ಹೊರಗಿನ ಮೆಟ್ಟಿಲಿಗೆ ದೀಪ. ಕೊನೆಯ ಬಸ್ಸಿಗೆ ಮುಂಚೆ ಮುಗಿಯುವ ಆಟ. ಗೋಡೆಯ ಮೇಲೆ ನಾಲ್ಕು ಸಾಲಿನ ನಡವಳಿಕೆಯ ನಿಯಮ, ಯಾರಾದರೂ ಮಿತಿ ಮೀರಿದರೆ ಹೇಳಬೇಕಾದವರ ಹೆಸರು. ದೂರು ಬಂದಾಗ ‘ಅವನು ಹಳೇ ಮೆಂಬರ್, ಅವನ ಮಾತೇ ಹಾಗೆ’ ಎಂದು ಸಮಾಧಾನ ಹೇಳುವ ಕ್ಲಬ್ಬಿಗೆ ಈ ಪಟ್ಟಿಯ ಬೇರೆ ಯಾವ ಸೂತ್ರವೂ ಕೆಲಸಕ್ಕೆ ಬರುವುದಿಲ್ಲ. ಹಳೇ ಮೆಂಬರಿಗೆ ಬಾಗಿಲು ತೋರಿಸುವ ಧೈರ್ಯ ಮಾಡಿ.

10. ಆಟ ನಡೆಸುವ ಕೆಲಸವನ್ನೂ ಕೊಡಿ

ಮತ್ತೆ ಡರ್ಬಿ ಹೌಸ್‌ಗೆ ಬರುತ್ತೇನೆ. ಯು-ಬೋಟ್‌ಗಳು ಹಡಗುಗಳ ಸಾಲಿನ ಹೊರಗಿನಿಂದ ಟಾರ್ಪಿಡೊ ಹಾರಿಸುತ್ತವೆ ಎಂದು ನೌಕಾಪಡೆ ನಂಬಿತ್ತು. ನೆಲದ ಮೇಲಿನ ಆಟ ಬೇರೆಯೇ ಹೇಳಿತು: ಅವು ಕತ್ತಲಲ್ಲಿ ಸಾಲಿನೊಳಗೇ ನುಸುಳಿ ಹೊಡೆಯುತ್ತವೆ, ಆಮೇಲೆ ಮುಳುಗಿ ಹಿಂಬದಿಯಿಂದ ಪಾರಾಗುತ್ತವೆ. ಹಾಗಾದರೆ ಬೆಂಗಾವಲು ಹಡಗುಗಳು ಹಿಂದಕ್ಕೆ ತಿರುಗಿ ಅಲ್ಲಿ ಜಾಲಾಡಬೇಕು. ರಾಬರ್ಟ್ಸ್ ಜೊತೆ ಈ ತಂತ್ರ ರೂಪಿಸಿದ ರೆನ್ ಜೀನ್ ಲೈಡ್‌ಲಾ ಅದಕ್ಕೆ ‘ರಾಸ್ಪ್‌ಬೆರಿ’ ಎಂದು ಹೆಸರಿಟ್ಟಳು. ಇಂಗ್ಲಿಷಿನಲ್ಲಿ ತುಟಿಯಿಂದ ಮಾಡುವ ಅಣಕದ ಸದ್ದಿಗೂ ಅದೇ ಹೆಸರು, ಇಲ್ಲಿ ಅಣಕ ಹಿಟ್ಲರನಿಗೆ. ಗೊಂಬೆ ಸರಿಸಲು ಕರೆದ ಹುಡುಗಿ ತಂತ್ರ ಕಟ್ಟಿದಳು, ಕಡಲಿನ ನಾಯಕರು ಅದನ್ನು ಪಾಲಿಸಿದರು.

ಆದ್ದರಿಂದ ನಿಮ್ಮ ಮೇಜಿಗೆ ಹೊಸದಾಗಿ ಬಂದ ಹೆಂಗಸರನ್ನು ಮೂರನೆಯ ತಿಂಗಳಿಗೆ ತೀರ್ಪುಗಾರರನ್ನಾಗಿ ಮಾಡಿ, ಸನ್ನಿವೇಶ ಬರೆಯಲು ಹೇಳಿ, ಪಂದ್ಯಾವಳಿಯ ಸಮಿತಿಗೆ ಸೇರಿಸಿ. ಆಟ ಕಟ್ಟುವ ಹೆಂಗಸರೂ ಇದ್ದಾರೆ: ಅಮೆರಿಕದ ಹೆಂಗಸರ ಮತದಾನದ ಹೋರಾಟವನ್ನು ಕಾರ್ಡುಗಳ ತಂತ್ರದಾಟವಾಗಿಸಿದ ‘ವೋಟ್ಸ್ ಫಾರ್ ವಿಮೆನ್’ 2022ರಲ್ಲಿ ಬಂತು, ಕಟ್ಟಿದ್ದು ಟೋರಿ ಬ್ರೌನ್. ಇತಿಹಾಸದ ಆಟಗಳ ಲೋಕದಲ್ಲಿ ದನಿ ಕಡಿಮೆಯಿರುವವರ ವಿನ್ಯಾಸಗಳಿಗೆಂದೇ ಜೆನೋಬಿಯ ಪ್ರಶಸ್ತಿ ಹುಟ್ಟಿಕೊಂಡಿದೆ, ಹೆಸರು ಪಾಲ್ಮೈರಾದ ರಾಣಿಯದು. ವೃತ್ತಿಪರ ವಾರ್‌ಗೇಮಿಂಗ್‌ನಲ್ಲಿ ಎಲ್ಲರಿಗೂ ಜಾಗವಿರಬೇಕೆಂದು ರೂಪಿಸಿದ ತತ್ವಗಳಿಗೆ ಇಟ್ಟಿರುವ ಹೆಸರು ಡರ್ಬಿ ಹೌಸ್‌ನದೇ.

11. ಎರಡನೆಯ ಸಲ ಕರೆಯಿರಿ

‘ಯಾವಾಗ ಬೇಕಾದರೂ ಬನ್ನಿ’ ಎಂದರೆ ಯಾರೂ ಬರುವುದಿಲ್ಲ. ಮೂರು ದಿನದೊಳಗೆ ಮೆಸೇಜ್ ಮಾಡಿ, ಅದರಲ್ಲಿ ದಿನ, ಗಂಟೆ, ಎದುರಾಳಿಯ ಹೆಸರು ಇರಲಿ: ‘ಬರುವ ಶನಿವಾರ ನಾಲ್ಕಕ್ಕೆ, ಕಿಟಕಿ ಪಕ್ಕದ ಮೇಜು, ಹೋದ ವಾರ ನೀವು ಆಡಿಸಿದ ತಂಡ ತೆಗೆದಿಟ್ಟಿದ್ದೇವೆ.’ ಬರಲಾಗದು ಎಂದರೆ ಕಾರಣ ಕೇಳಿ, ಬರೆದಿಟ್ಟುಕೊಳ್ಳಿ. ಐದಾರು ಉತ್ತರ ಸೇರಿದ ಮೇಲೆ ಒಂಬತ್ತನೆಯ ಸೂತ್ರವನ್ನು ಇನ್ನೊಮ್ಮೆ ಓದಿ, ನಿಮ್ಮ ಕೋಣೆಯಲ್ಲಿ ಮೊದಲು ಏನು ಸರಿಮಾಡಬೇಕು ಎಂಬುದು ಆ ಉತ್ತರಗಳಲ್ಲೇ ಇರುತ್ತದೆ.